ಗಲ್ಲಾದ ನಾಣ್ಯ ಅಮೆರಿಕಕ್ಕೆ ಹೋಗಿ ಬಂದ ಲೆಕ್ಕ

ಅರಸೀಕೆರೆ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಕಾಫಿ ಅಂಗಡಿ. ಬೆಳಿಗ್ಗೆ ಐದಕ್ಕೆ ಬಾಗಿಲು ತೆಗೆದರೆ ಮೊದಲ ಗಿರಾಕಿಯಿಂದಲೇ ಚಿಲ್ಲರೆ ಗೋಳು ಶುರು. ಅದಕ್ಕೇ ಬ್ಯಾಂಕಿನಿಂದ ನೂರು ನಾಣ್ಯದ ಪ್ಲಾಸ್ಟಿಕ್ ಪೊಟ್ಟಣ ತರುತ್ತೇನೆ. ಜಾತ್ರೆ ಮುಗಿದ ಮೇಲೆ ಊರಿನ ದೇವಸ್ಥಾನದ ಹುಂಡಿ ಚಿಲ್ಲರೆಯನ್ನೂ ನೋಟು ಕೊಟ್ಟು ತೆಗೆದುಕೊಳ್ಳುತ್ತೇನೆ. ರಾತ್ರಿ ಅರ್ಧ ಗಂಟೆ ಆ ರಾಶಿ ಕೆದಕುವುದು ಹದಿನಾಲ್ಕು ವರ್ಷದ ಚಟ. ಮನೆಯವರು ಇದಕ್ಕೆ ‘ಅಕ್ಕಿ ಆರಿಸೋದು’ ಅಂತ ಹೆಸರಿಟ್ಟಿದ್ದಾರೆ. ಒಂದೇ ವ್ಯತ್ಯಾಸ, ಇಲ್ಲಿ ಕಲ್ಲು ಸಿಕ್ಕರೇ ಖುಷಿ.

ಮೊದಲು ನೋಡುವುದು ಇಸವಿಯ ಕೆಳಗಿನ ಗುರುತು. ವಜ್ರದಾಕಾರ ಇದ್ದರೆ ಮುಂಬೈ ಟಂಕಸಾಲೆ, ನಕ್ಷತ್ರ ಹೈದರಾಬಾದ್, ಚುಕ್ಕಿ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಈ ನಾಲ್ಕು ಬಿಟ್ಟು ಬೇರೆ ಗುರುತು ಕಂಡರೆ ಕೈ ನಿಲ್ಲುತ್ತದೆ. 1985ರಲ್ಲಿ ನಮ್ಮ ಸರ್ಕಾರ ಒಂದು ರೂಪಾಯಿ ನಾಣ್ಯಗಳನ್ನು ಬ್ರಿಟನ್ನಿನಲ್ಲೂ ಮಾಡಿಸಿತ್ತು. ಬರ್ಮಿಂಗ್‌ಹ್ಯಾಮ್‌ನಲ್ಲಿ ಆದದ್ದಕ್ಕೆ ಇಸವಿಯ ಕೆಳಗೆ ‘ಎಚ್’ ಅಕ್ಷರ. ಲಾಂಟ್ರಿಸೆಂಟ್‌ನಲ್ಲಿ ಆದದ್ದಕ್ಕೆ ಇಸವಿಯ ಮೊದಲ ಅಂಕಿಯ ಕೆಳಗೆ ವಜ್ರ. ಮುಂದೆ ಮಾಸ್ಕೋ, ಮೆಕ್ಸಿಕೋಗಳಿಂದಲೂ ನಾಣ್ಯ ಬಂದವು.

ನನ್ನ ಎಚ್ ರೂಪಾಯಿ ಸಿಕ್ಕಿದ್ದು ಹುಂಡಿ ಚೀಲದಲ್ಲಿ, ಕುಂಕುಮ, ಎಣ್ಣೆಜಿಡ್ಡು ಮೆತ್ತಿಕೊಂಡು. ಸಿಂಹದ ಕೇಸರ ಮಾತ್ರ ಎಳೆ ಎಳೆಯಾಗಿ ಎದ್ದು ಕಾಣುತ್ತಿತ್ತು. ಹೆಚ್ಚು ಕೈ ಬದಲಾಯಿಸದೆ ಯಾರದೋ ಡಬ್ಬಿಯಲ್ಲಿದ್ದು, ಹರಕೆಯ ದಿನ ಹುಂಡಿಗೆ ಬಿದ್ದದ್ದಿರಬೇಕು. ಇಂಥದ್ದು ಸಿಕ್ಕ ಖುಷಿಗೆ ನಾನು ಮಾಡಿದ ಕೆಲಸ ಕೇಳಿ: ಅಮ್ಮ ತಾಮ್ರದ ಚೊಂಬು ಬೆಳಗುತ್ತಿದ್ದ ಹಾಗೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದೆ. ಫಳಫಳ ಅಂದಿತು. ಒಂದು ವಾರ ಎಲ್ಲರಿಗೂ ತೋರಿಸಿಕೊಂಡು ತಿರುಗಿದೆ.

ಬೆಂಗಳೂರಿನ ನಾಣ್ಯ ಮೇಳವೊಂದರಲ್ಲಿ ವಯಸ್ಸಾದ ವ್ಯಾಪಾರಿಯೊಬ್ಬರು ಅದರ ಅಂಚು ಹಿಡಿದು ದೀಪದ ಕೆಳಗೆ ಒಂದು ಸಲ ಓಲಾಡಿಸಿದರು, ಅಷ್ಟೆ.

“ಏನ್ ಸ್ವಾಮಿ, ತೊಳೆದುಬಿಟ್ರಾ?”

“ಬರೀ ಜಿಡ್ಡು ತೆಗೆದೆ ಸಾರ್.”

“ಜಿಡ್ಡಿನ ಜೊತೆ ಜೀವಾನೂ ತೆಗೆದಿದ್ದೀರಿ. ಮುನ್ನೂರು ಕೊಡ್ತೀನಿ, ಇಷ್ಟ ಇದ್ರೆ ಬಿಟ್ಹೋಗಿ.”

ನನಗೆ ಸಿಟ್ಟು ಬಂತು. ಕಮ್ಮಿ ಬೆಲೆಗೆ ಹೊಡೆದುಕೊಳ್ಳಲು ಆಡುವ ಮಾತು ಅಂದುಕೊಂಡೆ. ಅವರು ಓಲಾಡಿಸಿ ನೋಡಿದ್ದು ಏನನ್ನು ಅಂತ ಅರ್ಥವಾಗಲು ಒಂದು ವರ್ಷ ಬೇಕಾಯಿತು.

ಈಗ ನಾನು ನೋಡುವುದೂ ಹಾಗೆಯೇ. ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಮೇಜಿನ ಮೇಲೆ ಒಂದೇ ಬಲ್ಬು. ಕೆಳಗೆ ಟವೆಲ್ ಹಾಸಿರುತ್ತೇನೆ, ಜಾರಿ ಬಿದ್ದರೂ ಪೆಟ್ಟಾಗಬಾರದು. ನಾಣ್ಯದ ಅಂಚನ್ನಷ್ಟೇ ಹಿಡಿದು ನಿಧಾನ ವಾಲಿಸಿದರೆ, ಟಂಕಸಾಲೆಯಿಂದ ಬಂದ ಹಾಗೇ ಇರುವ ನಾಣ್ಯದ ಮೇಲೆ ಬೆಳಕು ಬಂಡಿಚಕ್ರದ ಕಡ್ಡಿಗಳಂತೆ ಸುತ್ತುತ್ತದೆ. ಲೋಹ ಅಚ್ಚಿನ ಒತ್ತಡಕ್ಕೆ ಹೊರಮುಖವಾಗಿ ಹರಿದಾಗ ಬಿದ್ದ ಸಣ್ಣ ಸಣ್ಣ ಗೆರೆಗಳು ಆ ಹೊಳಪು ಕೊಡುತ್ತವೆ. ತಿಕ್ಕಿದ ನಾಣ್ಯವೂ ಹೊಳೆಯುತ್ತದೆ, ಆದರೆ ಬೆಳಕು ಸುತ್ತುವುದಿಲ್ಲ, ಸ್ಟೀಲ್ ತಟ್ಟೆಯಂತೆ ಸುಮ್ಮನೆ ಕಣ್ಣಿಗೆ ಹೊಡೆಯುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಅಂದರೆ ಲೂಪ್ ಇಟ್ಟರೆ ಒಂದೇ ದಿಕ್ಕಿಗೆ ಎಳೆದ ಕೂದಲಂಥ ಗೀರುಗಳು. ನನ್ನ ಎಚ್ ರೂಪಾಯಿಯ ತುಂಬಾ ಅವೇ.

ಆಮೇಲೆ ಸವೆತ. ನಮ್ಮ ನಾಣ್ಯದಲ್ಲಿ ಎತ್ತರದ ಜಾಗ ನಡುವಿನ ಸಿಂಹದ ಮೂತಿ ಮತ್ತು ಎದೆ. ಮೊದಲು ಸವೆಯುವುದು ಅಲ್ಲೇ. ಆದರೆ ಅಲ್ಲಿ ಚಪ್ಪಟೆಯಾಗಿದ್ದ ಮಾತ್ರಕ್ಕೆ ಸವೆದಿದೆ ಎನ್ನಲಾಗದು. ಟಂಕಿಸುವಾಗಲೇ ಅಚ್ಚು ಸರಿಯಾಗಿ ಕೂತಿರದಿದ್ದರೂ ಚಪ್ಪಟೆ ಕಾಣುತ್ತದೆ. ಆ ಜಾಗದಲ್ಲಿ ಉಳಿದ ಕಡೆಯ ಹೊಳಪೇ ಇದ್ದರೆ ಅಚ್ಚಿನ ದೋಷ. ಮಂಕಾಗಿ ಬೂದಿ ಬಣ್ಣಕ್ಕೆ ತಿರುಗಿದ್ದರೆ ಸಾವಿರ ಬೆರಳುಗಳ ಕೆಲಸ. ಈ ಒಂದು ಭೇದ ಕಲಿಯಲು ನಾನು ಕೆಡಿಸಿಕೊಂಡಷ್ಟು ತಲೆ ಬೇರೆ ಯಾವುದಕ್ಕೂ ಕೆಡಿಸಿಕೊಂಡಿಲ್ಲ. ಪಿಸಿಜಿಎಸ್, ಎನ್‌ಜಿಸಿಯಂಥ ಅಮೆರಿಕದ ಕಂಪನಿಗಳು ನಾಣ್ಯದ ಸ್ಥಿತಿ ನೋಡಿ ಅಂಕ, ಅಂದರೆ ಗ್ರೇಡ್ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ (ಸ್ಲ್ಯಾಬ್) ಮುಚ್ಚಿ ಕೊಡುತ್ತವೆ. ಅದಕ್ಕೆ 70 ಅಂಕಗಳ ಶೆಲ್ಡನ್ ಮಾಪನ ಬಳಸುತ್ತವೆ. 60ರಿಂದ ಮೇಲೆ ಎಂದರೆ ಚಲಾವಣೆಯ ಸವೆತವೇ ಇಲ್ಲದ್ದು, 50ರಿಂದ 58 ಎಂದರೆ ಎತ್ತರದ ಜಾಗದಲ್ಲಿ ಕೊಂಚ ಸೋಕಿದ್ದು. ನಮ್ಮ ಗಲ್ಲಾಕ್ಕೆ ಬರುವವು ಬಹುಪಾಲು 20ರಿಂದ 40ರ ನಡುವಿನವು.

ಐದು ರೂಪಾಯಿಯ ವಿಷಯಕ್ಕೆ ಬರುತ್ತೇನೆ. ಬ್ಯಾಂಕಿನ ಹೊಸ ಪೊಟ್ಟಣ ಒಡೆದಾಗ ಒಂದು ಹಳದಿ ನಾಣ್ಯದ ಚಿತ್ರವೆಲ್ಲ ಒಂದು ಪಕ್ಕಕ್ಕೆ ಸರಿದು, ಇನ್ನೊಂದು ಪಕ್ಕ ಬಾಲಚಂದ್ರನ ಆಕಾರದಲ್ಲಿ ಬೋಳಾಗಿತ್ತು. ಲೋಹದ ಬಿಲ್ಲೆ ಅಚ್ಚಿನ ಕೆಳಗೆ ಸರಿಯಾಗಿ ಕೂರದೆ ಏಟು ಬಿದ್ದಿದೆ. ಇದನ್ನು ಆಫ್ ಸೆಂಟರ್ ಅನ್ನುತ್ತಾರೆ. ಚಿನ್ನ ತೂಗುವ ಪುಟ್ಟ ತಕ್ಕಡಿಯಲ್ಲಿಟ್ಟೆ: ಸರಿಯಾಗಿ 6 ಗ್ರಾಂ. ಲೋಹ ಕಮ್ಮಿಯಾಗಿಲ್ಲ ಅಂದರೆ ಯಾರೂ ಅರದಿಂದ ಉಜ್ಜಿದ್ದಲ್ಲ. ಇಸವಿಯೂ ಪೂರ್ತಿ ಉಳಿದಿತ್ತು. ಇಸವಿ ಹೋದ ಆಫ್ ಸೆಂಟರ್‌ಗೆ ಬೆಲೆ ತೀರಾ ಕಮ್ಮಿ. ಮೇಳದ ಇಬ್ಬರು ವ್ಯಾಪಾರಿಗಳು ಹೇಳಿದ ಹೆಚ್ಚಿನ ಬೆಲೆ 4,500 ರೂಪಾಯಿ.

ಇನ್ನೊಬ್ಬರು, “ಗ್ರೇಡ್ ಮಾಡಿಸಿದರೆ ಡಬಲ್” ಅಂದರು. ನನಗೂ ಹುರುಪು. ಆ ಐದು ರೂಪಾಯಿ, ಎಚ್ ರೂಪಾಯಿ, ಜೊತೆಗೆ ಹೊಸ ಪೊಟ್ಟಣದಿಂದ ಆರಿಸಿದ 20 ರೂಪಾಯಿಯ ಹನ್ನೆರಡು ಮೂಲೆಯ ಒಂದು ನಾಣ್ಯ, ಮೂರನ್ನೂ ಏಜೆಂಟರ ಮೂಲಕ ಅಮೆರಿಕಕ್ಕೆ ಕಳಿಸಿದೆ. ಶುಲ್ಕ, ಏಜೆಂಟರ ಕಮಿಷನ್, ಹೋಗಿ ಬರುವ ಸಾಗಣೆ, ವಿಮೆ ಎಲ್ಲ ಸೇರಿ 9,600. ಒಂದಕ್ಕೆ 3,200 ಬಿತ್ತು.

ಏಳು ತಿಂಗಳಾದ ಮೇಲೆ ಮೂರು ಪ್ಲಾಸ್ಟಿಕ್ ಸ್ಲ್ಯಾಬ್ ಬಂದವು. ಐದು ರೂಪಾಯಿಗೆ ಮಿಂಟ್ ಎರರ್ (ಟಂಕಸಾಲೆಯ ದೋಷ) ಅಂತ ಬರೆದು 63. ಇಪ್ಪತ್ತು ರೂಪಾಯಿಗೆ 67 ಅಂತ ಎಣಿಸಿದ್ದೆ, ಬಂದದ್ದು 64. ಟಂಕಸಾಲೆಯ ಎಣಿಕೆ ಯಂತ್ರದಲ್ಲೇ ನಾಣ್ಯಗಳು ಒಂದಕ್ಕೊಂದು ಬಡಿದುಕೊಂಡು ಗಾಯ ಮಾಡಿಕೊಂಡಿರುತ್ತವೆ, ಪೊಟ್ಟಣ ಹೊಸದಾದರೇನು? ಎಚ್ ರೂಪಾಯಿಯ ಮೇಲೆ ಅಂಕವೇ ಇಲ್ಲ. ‘ಡೀಟೇಲ್ಸ್’, ಅದರ ಕೆಳಗೆ ‘ಕ್ಲೀನ್ಡ್’. ಅಂದರೆ ನಾಣ್ಯ ಅಸಲಿಯೇ, ತೊಳೆದದ್ದರಿಂದ ಅಂಕ ಇಲ್ಲ. ನನ್ನ ಹುಣಸೆಹಣ್ಣು ಇಂಗ್ಲಿಷಿನಲ್ಲಿ ಅಚ್ಚಾಗಿ ಬಂದಿತ್ತು.

ಐದು ರೂಪಾಯಿ 9,000ಕ್ಕೆ ಹೋಯಿತು. ಡಬಲ್ ಅಂದದ್ದು ಸುಳ್ಳಲ್ಲ. ಆದರೆ 3,200 ಕಳೆದರೆ ಉಳಿದದ್ದು 5,800. ಹಾಗೇ ಮಾರಿದ್ದರೆ ಅವತ್ತೇ 4,500 ಕೈಯಲ್ಲಿರುತ್ತಿತ್ತು. ಏಳು ತಿಂಗಳ ಕಾಯುವಿಕೆಗೆ 1,300. ಇಪ್ಪತ್ತು ರೂಪಾಯಿಯನ್ನು ಬೇಡಿಕೊಂಡು 700ಕ್ಕೆ ದಾಟಿಸಿದೆ. ಲಕ್ಷಾಂತರ ಇರುವ ನಾಣ್ಯಕ್ಕೆ ಡಬ್ಬಿ ಹಾಕಿದರೆ ಅಪರೂಪವಾಗುತ್ತದೆಯೇ? ಎಚ್ ಸ್ಲ್ಯಾಬ್ ಮಾರಲಿಲ್ಲ. ಗಲ್ಲಾದ ಪಕ್ಕ ಹಾಲಿನ ಬಿಲ್ಲುಗಳು ಹಾರದಂತೆ ಇಟ್ಟಿದ್ದೇನೆ, ಅದರ 3,200 ಹೋದ ಹಾಗೇ. ಇಪ್ಪತ್ತರ ಮುಖಬೆಲೆಯನ್ನೂ ಸೇರಿಸಿ ಮೂರನ್ನೂ ಕೂಡಿಸಿದರೆ 4,420 ಲುಕ್ಸಾನು.

ಅಲ್ಲಿಂದ ನನ್ನ ಲೆಕ್ಕ ಬದಲಾಯಿತು. ನಾಣ್ಯದ ಬೆಲೆ ಎಷ್ಟು ಅಂತ ಕೇಳುವುದಿಲ್ಲ, ಸ್ಲ್ಯಾಬ್ ಇದ್ದರೆ ಮತ್ತು ಇಲ್ಲದಿದ್ದರೆ ಬೆಲೆಯಲ್ಲಿ ಎಷ್ಟು ಅಂತರ ಅಂತ ಕೇಳುತ್ತೇನೆ. ನನಗೆ ತೋಚಿದ ಗ್ರೇಡಿಗಿಂತ ಎರಡು ಮೆಟ್ಟಿಲು ಕೆಳಗಿಟ್ಟು ನೋಡಿದರೂ ಆ ಅಂತರ ಖರ್ಚಿನ ಎರಡು ಪಟ್ಟು ಇರಬೇಕು. ಗಲ್ಲಾದಲ್ಲಿ ಸಿಗುವುದರಲ್ಲಿ ಬರೀ ಅಂದಕ್ಕಾಗಿ ಈ ಜರಡಿ ದಾಟಿದ ನಾಣ್ಯ ಒಂದೂ ಇಲ್ಲ. ದಾಟುವುದಿದ್ದರೆ ಅಸಲಿ ನಕಲಿ ಅನುಮಾನ ಇರುವ ದೊಡ್ಡ ದೋಷದ ನಾಣ್ಯಗಳು ಮಾತ್ರ, ಏಕೆಂದರೆ ಅಲ್ಲಿ ಕೊಳ್ಳುವವನು ದುಡ್ಡು ಕೊಡುವುದು ನಂಬಿಕೆಗೆ. ಟಂಕಸಾಲೆಯ ದೋಷ ಅನ್ನಿಸಲಿ ಅಂತ ಮಧ್ಯದ ಬಿಲ್ಲೆ ಕಿತ್ತು ತಿರುವಿ ಹಾಕಿದ ಹತ್ತು ರೂಪಾಯಿಗಳನ್ನು ನಾನೇ ಎಷ್ಟೋ ನೋಡಿದ್ದೇನೆ.

ಅಂಗಡಿಗೆ ಬರುವವರಿಗೆ ಇದನ್ನೆಲ್ಲ ಹೇಳಿದರೆ ಬೇಸರ. ಅವರಿಗೆ ಬೇಕಿರುವುದು ವೈಷ್ಣೋದೇವಿ ಚಿತ್ರದ ಐದು ರೂಪಾಯಿಗೆ ಲಕ್ಷ ಕೊಡುವವನ ಫೋನ್ ನಂಬರ್. ಹೀಗೆ ಆಸೆ ಹುಟ್ಟಿಸಿ, ಮೊದಲು ತೆರಿಗೆ ಕಟ್ಟಿ, ಕಮಿಷನ್ ಕಟ್ಟಿ ಅನ್ನುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಅಜ್ಜಿಯ ಕಾಲದ ಜಾರ್ಜ್ ರೂಪಾಯಿ ತಂದು ಗ್ರೇಡಿಗೆ ಕಳಿಸಿಕೊಡಿ ಅನ್ನುವವರೂ ಉಂಟು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಅದನ್ನು ಖಾಸಗಿಯಾಗಿ ದೇಶದಿಂದ ಹೊರಗೆ ಕಳಿಸುವಂತಿಲ್ಲ. ಹಾಗಂತ ಹೇಳಿ ಕಾಫಿ ಕೊಟ್ಟು ಕಳಿಸುತ್ತೇನೆ.

ಹೋದ ತಿಂಗಳು ಸ್ಟೀಲಿನ ಹಳೆಯ ಒಂದು ರೂಪಾಯಿ ಸಿಕ್ಕಿತು, ಅಂಚಿನಲ್ಲಿ ದೋಸೆಯ ತುದಿ ಕಚ್ಚಿದಂತೆ ಒಂದು ಕಚ್ಚು. ಇರಬೇಕಾದ್ದು 4.85 ಗ್ರಾಂ, ಇದು 4.5. ಕತ್ತರಿಸಿದ್ದೋ, ಟಂಕಸಾಲೆಯಲ್ಲೇ ಆದದ್ದೋ ಅಂತ ಕಚ್ಚಿನ ನೇರ ಎದುರಿನ ಅಂಚನ್ನು ಲೂಪ್‌ನಲ್ಲಿ ನೋಡಿದೆ. ಅಲ್ಲಿಯ ದಡ, ಅಂದರೆ ಅಂಚಿನ ಉಬ್ಬು, ಮಸುಕಾಗಿ ಇಳಿದಿತ್ತು. ಬಿಲ್ಲೆಯ ಒಂದು ಕಡೆ ಲೋಹ ಇಲ್ಲದಿದ್ದರೆ ದಡ ಎಬ್ಬಿಸುವ ಯಂತ್ರಕ್ಕೆ ಎದುರುಗಡೆ ಒತ್ತಡ ಸಿಗುವುದಿಲ್ಲ. ಆಮೇಲೆ ಕತ್ತರಿಸಿದವನಿಂದ ಇದು ಸಾಧ್ಯವಿಲ್ಲ. ಅಸಲಿಯೇ. ಮೇಳದ ಅದೇ ಹಿರಿಯ ವ್ಯಾಪಾರಿಗೆ ಫೋಟೋ ಕಳಿಸಿದೆ. “ಆರ್ನೂರು,” ಅಂದರು. ಆಮೇಲೆ, “ತೊಳೆದಿಲ್ಲ ತಾನೆ?”