ಧಾರವಾಡದಲ್ಲಿ ಬಾಡಿಗೆಗೆಂದು ಮನೆ ಕೊಂಡಾಗ ನಾನು ನೋಡಿದ್ದು

ಬಾಡಿಗೆಗೆ ಕೊಡೋಕೆ ಒಂದು ಮನೆ ಕೊಳ್ಳಬೇಕು ಅನ್ನುವವರು ನನ್ನನ್ನು ಕೇಳುವುದು ಸಾಮಾನ್ಯವಾಗಿ ಒಂದೇ: "ಯಾವ ಕಡೆ ರೇಟ್ ಏರ್ತದ್ರಿ?" ನಾನು ಕೊಳ್ಳುವಾಗ ನೋಡಿದ್ದು ಬೇರೆ. ಈ ಮನೆಯಲ್ಲಿ ಯಾರು ಬಂದು ಇರ್ತಾರೆ, ಎಷ್ಟು ವರ್ಷ ಇರ್ತಾರೆ?

ಧಾರವಾಡದಲ್ಲಿ ಬಾಡಿಗೆಗೆ ಜನ ಸಿಗುತ್ತಾರೆ. ಎರಡು ದೊಡ್ಡ ವಿಶ್ವವಿದ್ಯಾಲಯ, ಹೈಕೋರ್ಟ್ ಪೀಠ ಇಲ್ಲಿವೆ. ಸಪ್ತಾಪುರದ ಸುತ್ತ ಸರ್ಕಾರಿ ನೌಕರಿ ಪರೀಕ್ಷೆಗೆ ಓದುವ ಹುಡುಗರು ತುಂಬಿದ್ದಾರೆ. ಅವರಿಗೆ ರೂಮ್ ಕೊಟ್ಟರೆ ಒಟ್ಟು ಬಾಡಿಗೆ ಜಾಸ್ತಿ. ಆದರೆ ಪರೀಕ್ಷೆ ಮುಗಿದರೆ ರೂಮ್ ಖಾಲಿ. ಕುಟುಂಬದವರು ಮಕ್ಕಳ ಶಾಲೆ ಬಿಡಿಸಿ ಸುಮ್ನೆ ಮನೆ ಬದಲಿಸುವುದಿಲ್ಲ. ಹಾಗಾಗಿ ಹುಬ್ಬಳ್ಳಿ-ಧಾರವಾಡ ನಡುವೆ ಓಡಾಡುವ ಚಿಗರಿ ಬಸ್‌ನ ನಿಲ್ದಾಣಕ್ಕೆ ನಡೆದು ಹೋಗುವಷ್ಟು ದೂರದಲ್ಲಿ, ಕೆಳಗೊಂದು ಮೇಲೊಂದು ಮನೆಯಿದ್ದ ಹಳೆಯ ಕಟ್ಟಡ ಆರಿಸಿಕೊಂಡೆ. ಹುಬ್ಬಳ್ಳಿಯಲ್ಲಿ ಕೆಲಸ ಇರುವವರೂ ಅಲ್ಲಿ ಇರಬಹುದು.

ಮನೆ ನೋಡಲು ಬಂದವರು ಒಳಗೆ ಕಾಲಿಡುವ ಮೊದಲೇ ಕೇಳುತ್ತಾರೆ: "ನೀರು ಎಷ್ಟ ದಿನಕ್ಕೊಮ್ಮೆ ಬರ್ತಾವ್ರಿ ಅಕ್ಕಾರ?" ಅವಳಿ ನಗರದ ಕೆಲವು ವಾರ್ಡ್‌ಗಳಲ್ಲಿ 2008ರಿಂದಲೇ 24 ತಾಸು ಮಲಪ್ರಭಾ ನೀರು ಇದೆ. ಉಳಿದ ಕಡೆ ದಿನ ಎಣಿಸಬೇಕು. ಮಾರುವವರ ಮಾತು ನಂಬಬೇಡಿ, ಪಕ್ಕದ ಮನೆಯವರನ್ನು ಕೇಳಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ನಗರದ ನೀರಿನ ಲೆಕ್ಕ ಹಾಕುತ್ತಾರೆ. ಎರಡು ಮನೆಗೆ ಎಂಟು ಜನ, ಆರು ದಿನ ನೀರಿಲ್ಲ ಅಂದರೆ 6,480 ಲೀಟರ್. ನಾನು ಎಂಟು ಸಾವಿರ ಲೀಟರ್ ಸಂಪ್ ಕಟ್ಟಿಸಿದೆ. ಆ ಖರ್ಚಿಗೆ ನನಗೆ ಇವತ್ತಿಗೂ ಬೇಸರವಿಲ್ಲ.

ನವಲಗುಂದ, ಗದಗ ಕಡೆ ಮನೆ ನೋಡುವವರು ಎರೆಮಣ್ಣಿನ ಬಗ್ಗೆಯೂ ಯೋಚಿಸಬೇಕು. ಅದು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಎದ್ದಿದ್ದರೆ, ಬಣ್ಣ ಹೊಸದಾಗಿದ್ದರೂ ಎಂಜಿನಿಯರ್‌ಗೆ ತೋರಿಸದೆ ಸಂಚಗಾರ (ಮುಂಗಡ ಹಣ) ಕೊಡಬೇಡಿ.

ಇನ್ನು ಕಾಗದ. ನಾನು ಅತಿ ಹೆಚ್ಚು ಸಮಯ ಕೊಟ್ಟಿದ್ದು ಇದಕ್ಕೇ. ನಮ್ಮ ಕಡೆ ಹಳೆಯ ಮನೆ ಅಂದರೆ ಅಜ್ಜನ ಹೆಸರು, ಅಣ್ಣತಮ್ಮಂದಿರ ವಾಟ್ನಿ (ಆಸ್ತಿ ಪಾಲು), ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಎಲ್ಲ ಸೇರಿರುತ್ತದೆ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಸ್ಪಷ್ಟ ಮಾಡಿತು. "ಅಕ್ಕ ತಂಗೇರು ಏನೂ ಕೇಳೂದಿಲ್ರಿ" ಅಂದರೆ ಸಾಲದು, ಅವರ ಸಹಿ ಖರೀದಿ ಪತ್ರದಲ್ಲಿ ಬೇಕು. ನಮ್ಮ ವಕೀಲರು ವಂಶಾವಳಿ ಇಟ್ಟುಕೊಂಡು ಒಂದೊಂದೇ ಹೆಸರು ತಾಳೆ ನೋಡಿದರು. ಋಣಭಾರ ಪತ್ರ 2004ರಿಂದ ಈಚೆಗಿನದು ಕಾವೇರಿ ಆನ್‌ಲೈನ್‌ನಲ್ಲಿ ಸಿಕ್ಕಿತು, ಅದಕ್ಕೂ ಹಿಂದಿನದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ತೆಗೆಸಿದೆವು. ಸಿಟಿ ಸರ್ವೆ ಉತಾರದಲ್ಲಿ (ಆಸ್ತಿಯ ದಾಖಲೆ ಪ್ರತಿಯಲ್ಲಿ) ಬೋಜಾ, ಅಂದರೆ ಸಾಲದ ಹೊರೆ, ಇದೆಯಾ ಅಂತಲೂ ನೋಡಿ. ಈಗ ಆಸ್ತಿಯ ಡಿಜಿಟಲ್ ದಾಖಲೆಯಾದ ಇ-ಖಾತಾ ಇಲ್ಲದೆ ನೋಂದಣಿಯೇ ಆಗುವುದಿಲ್ಲ. ಊರ ಅಂಚಿನಲ್ಲಿ ಹೊಲವನ್ನೇ ತುಂಡು ಮಾಡಿ ಮಾರುವ ಗುಂಟೆ ಪ್ಲಾಟ್ ಎಷ್ಟೇ ಅಗ್ಗ ಇರಲಿ, ಎನ್ಎ (ಕೃಷಿಯೇತರ ಜಮೀನು) ಆಗಿ ಹುಡಾ, ಅಂದರೆ ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರದ, ಮಂಜೂರಾತಿ ಸಿಗದ ತನಕ ಅತ್ತ ನೋಡಬೇಡಿ.

ದುಡ್ಡಿನ ವಿಚಾರ ನೇರವಾಗಿ ಹೇಳುತ್ತೇನೆ. 50 ಲಕ್ಷದ ಮನೆಗೆ ತಿಂಗಳಿಗೆ 14 ಸಾವಿರ ಬಾಡಿಗೆ ಬಂದರೆ ವರ್ಷಕ್ಕೆ 1.68 ಲಕ್ಷ, ಅಂದರೆ ಶೇ. 3.4ರ ಹತ್ತಿರ. ಅದಕ್ಕೆ 40 ಲಕ್ಷ ಸಾಲ ಮಾಡಿದರೆ, ಶೇ. 8.5 ಬಡ್ಡಿಗೆ 20 ವರ್ಷದ ಕಂತು 34 ಸಾವಿರ ದಾಟುತ್ತದೆ. ಬಾಡಿಗೆಯಿಂದ ಕಂತು ತುಂಬುತ್ತೇನೆ ಅನ್ನುವುದು ಆಗದ ಮಾತು. ಅದಕ್ಕೇ ನಾನು ಸಾಲ ಕಡಿಮೆ ಇಟ್ಟೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ, ಸೆಸ್ ಸೇರಿ ನಗರದಲ್ಲಿ ಶೇ. 7.6 ಆಗುತ್ತದೆ. 50 ಲಕ್ಷಕ್ಕೆ 3.8 ಲಕ್ಷ! ಇದನ್ನು ಮೊದಲೇ ತೆಗೆದಿಡಿ.

ಮನೆಗೊಂದು ಪ್ರತ್ಯೇಕ ಹೆಸ್ಕಾಂ ಮೀಟರ್ ಹಾಕಿಸಿ. ಗೃಹಜ್ಯೋತಿ ಬಾಡಿಗೆಯವರಿಗೂ ಸಿಗುತ್ತದೆ, ಆದರೆ ತಿಂಗಳಿಗೆ 200 ಯೂನಿಟ್ ಒಳಗೆ ಮಾತ್ರ. ಒಂದೇ ಮೀಟರ್‌ನಲ್ಲಿ ಎರಡು ಮನೆ ಇದ್ದರೆ ಮಿತಿ ದಾಟುತ್ತದೆ, ಆಮೇಲೆ ಬಿಲ್ ಯಾರದು ಅಂತ ಜಗಳ.

ಕರಾರು ಪತ್ರ 11 ತಿಂಗಳಿಗೆ ಮಾಡುತ್ತೇನೆ, ವರ್ಷ ಮೀರಿದರೆ ನೋಂದಣಿ ಕಡ್ಡಾಯ. ವರ್ಷಕ್ಕೆ ಶೇ. 5 ಏರಿಕೆ, ಬಣ್ಣದ ಖರ್ಚು, ಬಿಡುವ ಮುನ್ನ ಎಷ್ಟು ದಿನದ ನೋಟಿಸ್, ಎಲ್ಲ ಬರೆದಿರುತ್ತದೆ. ಕೀಲಿ ಕೊಡುವ ದಿನ ನಳ, ಸ್ವಿಚ್, ಬಾಗಿಲುಗಳ ಫೋಟೋ ತೆಗೆದು ಇಬ್ಬರೂ ವಾಟ್ಸಾಪ್‌ನಲ್ಲಿ ಇಟ್ಟುಕೊಳ್ಳುತ್ತೇವೆ. ಜಾತಿ ಕೇಳಿ ಮನೆ ಕೊಡುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ನಾನು ಕೇಳುವುದಿಲ್ಲ. ಹೊತ್ತಿಗೆ ಸರಿಯಾಗಿ ಬಾಡಿಗೆ ಕೊಟ್ಟು, ಮನೆ ಚೊಕ್ಕ ಇಟ್ಟುಕೊಳ್ಳುವವರು ಎಲ್ಲ ಜಾತಿಯಲ್ಲೂ ಸಿಕ್ಕಿದ್ದಾರೆ. ಅಂಥವರಿದ್ದರೆ ಏರಿಕೆಯನ್ನು ಒಂದು ವರ್ಷ ಬಿಟ್ಟುಬಿಡುತ್ತೇನೆ. ಮನೆ ಎರಡು ತಿಂಗಳು ಖಾಲಿ ಬಿದ್ದರೆ 14 ಸಾವಿರದಂತೆ 28 ಸಾವಿರ ಹೋಗುತ್ತದೆ, ಶೇ. 5ರ ಏರಿಕೆಯಿಂದ ವರ್ಷಕ್ಕೆ ಬರುವುದು 8,400 ಮಾತ್ರ.