ಟ್ಯಾಂಕ್ ತುಂಬಿದೊಡನೆ ದೀಪ: ಪುಟ್ಟ ಬೋರ್ಡಿಗೆ ಸ್ವಿಚ್, ಎಲ್‌ಇಡಿ ಜೋಡಿಸುವ ಬಗೆ

ದಾವಣಗೆರೆಯ ನಿಟುವಳ್ಳಿಯ ನಮ್ಮ ಮನೆಯಲ್ಲಿ ಮಹಡಿಯ ಟ್ಯಾಂಕ್ ತುಂಬಿ ನೀರು ಚರಂಡಿ ಪಾಲಾಗುವುದನ್ನು ತಡೆಯಲು, ಆರ್ಡುಯಿನೊ ಉನೊ ಎಂಬ, ಪ್ರೋಗ್ರಾಮ್ ಬರೆದು ನಡೆಸಬಹುದಾದ ಪುಟ್ಟ ಬೋರ್ಡಿಗೆ ಒಂದು ಫ್ಲೋಟ್ ಸ್ವಿಚ್ಚನ್ನೂ (ನೀರಿನ ಮಟ್ಟದೊಂದಿಗೆ ತೇಲುತ್ತಾ ಕೆಲಸ ಮಾಡುವ ಸ್ವಿಚ್) ಅಡುಗೆಮನೆಯಲ್ಲಿ ಕಾಣುವಂತೆ ಒಂದು ಕೆಂಪು ಎಲ್‌ಇಡಿಯನ್ನೂ ಜೋಡಿಸಿದ್ದೇನೆ. ಹೊಸಬರು ಮೊದಲು ಬೆಸುಗೆಯಿಲ್ಲದೆ ವೈರು ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡಿನ ಮೇಲೆ, ಫ್ಲೋಟ್ ಬದಲು ಪುಶ್ ಬಟನ್ ಇಟ್ಟು ಕಲಿಯುವುದು ಒಳ್ಳೆಯದು.

ಎಲ್‌ಇಡಿಯ ಉದ್ದನೆಯ ಕಾಲು ಧನ. ಅದನ್ನು 220 ಓಮ್ ರೆಸಿಸ್ಟರ್ (ವಿದ್ಯುತ್ತಿನ ಹರಿವನ್ನು ಮಿತಿಗೊಳಿಸುವ ಬಿಡಿಭಾಗ) ಮೂಲಕ ಬೋರ್ಡಿನ 8ನೇ ಪಿನ್ನಿಗೂ, ಗಿಡ್ಡ ಕಾಲನ್ನು ಗ್ರೌಂಡಿಗೂ (ಬೋರ್ಡಿನಲ್ಲಿ GND ಎಂದು ಬರೆದ ಪಿನ್) ಸೇರಿಸಿ. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತೆಗೆದುಕೊಂಡರೆ 5 ವೋಲ್ಟಿನಲ್ಲಿ ಉಳಿದ 3 ವೋಲ್ಟ್ ರೆಸಿಸ್ಟರಿನ ಮೇಲೆ ಬಿದ್ದು, ಹರಿಯುವ ವಿದ್ಯುತ್ತು 14 ಮಿಲಿಆಂಪಿಯರಿನ ಆಸುಪಾಸಿನಲ್ಲಿರುತ್ತದೆ. ಒಂದು ಪಿನ್ನಿನಿಂದ 20 ಮಿಲಿಆಂಪಿಯರಿಗಿಂತ ಹೆಚ್ಚು ಎಳೆಯದಿರುವುದು ಕ್ಷೇಮ.

ಹೆಚ್ಚಿನವರು ಎಡವುವುದು ಸ್ವಿಚ್ಚಿನಲ್ಲಿ. ನಾನು ಮೊದಲ ಸಲ ಸ್ವಿಚ್ಚನ್ನು 5 ವೋಲ್ಟ್ ಮತ್ತು ಪಿನ್ನಿನ ನಡುವೆ ಹಾಗೆಯೇ ಜೋಡಿಸಿದಾಗ, ಬಟನ್ ಒತ್ತದಿದ್ದರೂ ವೈರಿನ ಹತ್ತಿರ ಕೈ ಒಯ್ದರೆ ಸಾಕು, ದೀಪ ಮಿನುಗುತ್ತಿತ್ತು. ಸ್ವಿಚ್ ತೆರೆದಿರುವಾಗ ಪಿನ್ ಯಾವುದಕ್ಕೂ ಅಂಟಿಕೊಳ್ಳದೆ, ಸುತ್ತಲಿನ ವಿದ್ಯುತ್ ಗದ್ದಲವನ್ನೇ ಸಂಕೇತವೆಂದು ಓದುತ್ತಿದ್ದುದೇ ಅದಕ್ಕೆ ಕಾರಣ. ಆದ್ದರಿಂದ ಸ್ವಿಚ್ಚಿನ ಒಂದು ತುದಿಯನ್ನು 2ನೇ ಪಿನ್ನಿಗೆ, ಇನ್ನೊಂದನ್ನು ಗ್ರೌಂಡಿಗೆ ಕೊಟ್ಟು, ಪ್ರೋಗ್ರಾಮಿನಲ್ಲಿ ಆ ಪಿನ್ನನ್ನು ‘ಇನ್‌ಪುಟ್ ಪುಲ್‌ಅಪ್’ (INPUT_PULLUP) ಎಂದು ಘೋಷಿಸಿ. ಆಗ ಚಿಪ್ಪಿನೊಳಗಿನ 20ರಿಂದ 50 ಕಿಲೋಓಮ್ ರೆಸಿಸ್ಟರ್ ಪಿನ್ನನ್ನು 5 ವೋಲ್ಟಿನತ್ತ ಎಳೆದು ‘ಹೈ’ ಸ್ಥಿತಿಯಲ್ಲಿ ಹಿಡಿದಿಡುತ್ತದೆ. ಸ್ವಿಚ್ ಒತ್ತಿದಾಗ ಪಿನ್ ಗ್ರೌಂಡಿಗೆ ಸೇರಿ, ಬೋರ್ಡ್ ಅದನ್ನು ‘ಲೋ’ ಎಂದು ಓದುತ್ತದೆ. ನಾಲ್ಕು ಕಾಲಿನ ಬಟನ್ನಿನಲ್ಲಿ ಎರಡೆರಡು ಕಾಲುಗಳು ಒಳಗೇ ಕೂಡಿಕೊಂಡಿರುವುದರಿಂದ, ಮೂಲೆಯಿಂದ ಮೂಲೆಗೆ ಎದುರಾಗುವ ಕಾಲುಗಳನ್ನು ಬಳಸಿದರೆ ತಪ್ಪಾಗದು.

ಒತ್ತಿದ ಕ್ಷಣದಲ್ಲಿ ಒಳಗಿನ ಲೋಹದ ತಗಡು ಕೆಲವು ಮಿಲಿಸೆಕೆಂಡು ಪುಟಿಯುತ್ತದೆ. ಹಾಗಾಗಿ 50 ಮಿಲಿಸೆಕೆಂಡು ತಡೆದು ಮತ್ತೊಮ್ಮೆ ಓದಿಸಿ, ಎರಡೂ ಸಲ ಉತ್ತರ ಒಂದೇ ಆಗಿದ್ದರೆ ಮಾತ್ರ ದೀಪ ಬದಲಾಗುವಂತೆ ಬರೆಯಿರಿ.

ಮೇಜಿನ ಮೇಲೆ ಸರಿಬಂದ ನಂತರ ಫ್ಲೋಟ್ ಜೋಡಿಸಿ. ತೇಲು ಮೇಲೇರಿದಾಗ ಸಂಪರ್ಕ ಕೂಡುತ್ತದೆಯೋ ಬಿಡುತ್ತದೆಯೋ ಎಂಬುದನ್ನು ಮಲ್ಟಿಮೀಟರಿನ ಬೀಪ್ ಸದ್ದಿನಿಂದ ಮೊದಲೇ ತಿಳಿದುಕೊಂಡು, ಅದಕ್ಕೆ ತಕ್ಕಂತೆ ಪ್ರೋಗ್ರಾಮ್ ತಿದ್ದಿ. ಮಹಡಿಯಿಂದ ಇಳಿದು ಬರುವ ಉದ್ದನೆಯ ವೈರಿಗೆ ಒಳಗಿನ ಪುಲ್‌ಅಪ್ ದುರ್ಬಲ; 5 ವೋಲ್ಟಿನಿಂದ 2ನೇ ಪಿನ್ನಿಗೆ 4.7 ಕಿಲೋಓಮ್ ರೆಸಿಸ್ಟರನ್ನು ಹೊರಗಿನಿಂದಲೂ ಹಾಕಿ. ಮೋಟಾರಿನ 230 ವೋಲ್ಟ್ ಕೇಬಲ್ ಇರುವ ಪೈಪಿನಲ್ಲಿ ಈ ವೈರನ್ನು ಎಂದಿಗೂ ತೂರಿಸಬೇಡಿ.