ಲಂಡನ್‌ನಲ್ಲಿ ಟಿಕೆಟ್ ದುಡ್ಡಿಲ್ಲದ ಉಪನ್ಯಾಸಗಳು: ಎಲ್ಲಿ, ಹೇಗೆ?

ಮನೆ, ಬ್ಯಾಂಕ್ ಖಾತೆ, ಜಿಪಿ (ಇಲ್ಲಿನ ಫ್ಯಾಮಿಲಿ ಡಾಕ್ಟರ್), ಮಕ್ಕಳ ಶಾಲೆ ಇವೆಲ್ಲದರ ಬಗ್ಗೆ ಈ ಮಾರ್ಗದರ್ಶಿಯ ಬೇರೆ ಪುಟಗಳಲ್ಲಿ ಬರೆದಿದ್ದೇವೆ. ಇದು ಆ ಓಡಾಟ ಮುಗಿದ ಮೇಲಿನ ಮಾತು. ಮನೆಯವರು ಆಫೀಸಿಗೆ ಹೋದ ಮೇಲೆ ಒಬ್ಬರೇ ಉಳಿಯುವವರು, ಆರು ತಿಂಗಳ ವೀಸಾದಲ್ಲಿ ಬಂದು ಕಿಟಕಿ ಪಕ್ಕ ಕೂತಿರುವ ಅಪ್ಪ ಅಮ್ಮ, ಇವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಈ ಊರಲ್ಲಿ ಚರಿತ್ರೆ, ಪ್ರಕೃತಿ, ಕರಕುಶಲದ ಬಗ್ಗೆ ಬಲ್ಲವರು ಪುಕ್ಕಟೆಯಾಗಿ ಮಾತಾಡುತ್ತಾರೆ. ಹೋಗಿ ಕೂತರೆ ಸಾಕು.

ನಮ್ಮ ಸಲಹೆ ಏನೆಂದರೆ, ದೊಡ್ಡ ಮ್ಯೂಸಿಯಂಗಿಂತ ಮೊದಲು ನಿಮ್ಮ ಬರೋದ (borough, ಅಂದರೆ ನಿಮ್ಮ ಕಡೆಯ ಸ್ಥಳೀಯ ಆಡಳಿತದ) ಲೈಬ್ರರಿಗೆ ಹೋಗಿ. ಬಾಗಿಲ ಹತ್ತಿರದ ನೋಟಿಸ್ ಬೋರ್ಡ್ ನೋಡಿ. ಸ್ಥಳೀಯ ಚರಿತ್ರೆಯ ಸಂಘಗಳು ಲೈಬ್ರರಿಯಲ್ಲೋ ಚರ್ಚ್ ಹಾಲ್‌ನಲ್ಲೋ ಸೇರುತ್ತವೆ. ಬಂದವರಲ್ಲಿ ವಯಸ್ಸಾದವರೇ ಜಾಸ್ತಿ. ಪರದೆ ಮೇಲೆ ನೀವು ದಿನಾ ಹಾಲು ತರುವ ಹೈ ಸ್ಟ್ರೀಟಿನ ಹಳೇ ಫೋಟೊ ಬರುತ್ತದೆ, ನಡುರಸ್ತೆಯಲ್ಲಿ ಟ್ರಾಮ್ ಹೋಗುತ್ತಿರುತ್ತದೆ. ಲಂಡನ್‌ನ ಹಳೇ ಟ್ರಾಮ್‌ಗಳು ನಿಂತದ್ದು 1952ರಲ್ಲಿ. ಚಿಕ್ಕಂದಿನಲ್ಲಿ ಅದನ್ನು ಹತ್ತಿದವರೇ ನಿಮ್ಮ ಪಕ್ಕದ ಕುರ್ಚಿಯಲ್ಲಿ ಇರಬಹುದು! ಚಹಾ ಬಿಸ್ಕತ್ತಿನ ಹೊತ್ತಿಗೆ ಅವರನ್ನು ಮಾತಾಡಿಸಿ. ಅಕ್ಕಪಕ್ಕದವರ ಪರಿಚಯವಾಗುವುದಕ್ಕೆ ಇದಕ್ಕಿಂತ ಸುಲಭದ ದಾರಿ ನಮಗೆ ಕಂಡಿಲ್ಲ. ಕೆಲವು ಸಂಘಗಳು ಸದಸ್ಯರಲ್ಲದವರಿಂದ ಎರಡು ಮೂರು ಪೌಂಡ್ ಕೇಳುತ್ತವೆ, ಮೊದಲೇ ವಿಚಾರಿಸಿಕೊಳ್ಳಿ.

ಇನ್ನು ಗ್ರೆಶಮ್ ಕಾಲೇಜು. ಹೆಸರಿಗೆ ಕಾಲೇಜು, ಆದರೆ ವಿದ್ಯಾರ್ಥಿಗಳಿಲ್ಲ, ಪರೀಕ್ಷೆಯಿಲ್ಲ, ಡಿಗ್ರಿಯಿಲ್ಲ. ಥಾಮಸ್ ಗ್ರೆಶಮ್ ಎಂಬ ವರ್ತಕ ತನ್ನ ಉಯಿಲಿನಲ್ಲಿ ಬರೆದಿಟ್ಟ ಪ್ರಕಾರ 1597ರಿಂದ ಇಲ್ಲಿ ಸಾರ್ವಜನಿಕರಿಗೆ ಉಚಿತ ಉಪನ್ಯಾಸ ನಡೆಯುತ್ತಿದೆ. ಶುರುವಿನಲ್ಲಿ ಖಗೋಳ, ರೇಖಾಗಣಿತ, ಸಂಗೀತ, ಕಾನೂನು, ವೈದ್ಯ ಹೀಗೆ ಏಳು ವಿಷಯಕ್ಕೆ ಏಳು ಪ್ರೊಫೆಸರ್‌ಗಳಿದ್ದರು. 1660ರ ನವೆಂಬರ್ 28ರಂದು ಇಲ್ಲಿನ ಖಗೋಳದ ಪ್ರೊಫೆಸರ್ ಕ್ರಿಸ್ಟೊಫರ್ ರೆನ್ ಉಪನ್ಯಾಸ ಮುಗಿಸಿದ ಮೇಲೆ ಕೆಲವರು ಅಲ್ಲೇ ಕೂತು ಮಾತಾಡಿ ಒಂದು ಸಂಘ ಕಟ್ಟಿದರು. ಅದೇ ಮುಂದೆ ವಿಜ್ಞಾನಿಗಳ ಹೆಸರಾಂತ ಸಂಘ ರಾಯಲ್ ಸೊಸೈಟಿ ಆಯಿತು. ಈಗಿನ ಜಾಗ ಹಾಲ್ಬರ್ನ್‌ನ ಬಾರ್ನರ್ಡ್ಸ್ ಇನ್ ಹಾಲ್, ಚಾನ್ಸರಿ ಲೇನ್ ಟ್ಯೂಬ್ ಸ್ಟೇಷನ್ ಹತ್ತಿರ. ಹಾದಿ ಕಿರಿದು, ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ, ಹತ್ತು ನಿಮಿಷ ಕೈಯಲ್ಲಿಟ್ಟುಕೊಂಡು ಹೊರಡಿ. ಸಂಜೆ ಹೊರಗೆ ಹೋಗಲಾಗದಿದ್ದರೆ ಯೂಟ್ಯೂಬ್‌ನಲ್ಲೂ ನೋಡಬಹುದು. ಇಂಗ್ಲಿಷ್ ವೇಗವಾಯಿತು ಅನ್ನುವವರಿಗೆ ಅದೇ ಒಳ್ಳೆಯದು, ನಿಲ್ಲಿಸಿ ನಿಲ್ಲಿಸಿ ಕೇಳಬಹುದಲ್ವಾ?

ಬ್ರಿಟಿಷ್ ಮ್ಯೂಸಿಯಂ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಎರಡರಲ್ಲೂ ಪ್ರವೇಶ ಉಚಿತ, ಗ್ಯಾಲರಿಯಲ್ಲಿ ನಿಂತು ವಿವರಿಸುವ ಉಚಿತ ಟೂರ್‌ಗಳೂ ಇವೆ. ನಮ್ಮವರು ವಿಕ್ಟೋರಿಯಾ ಅಂಡ್ ಆಲ್ಬರ್ಟ್‌ನಲ್ಲಿ ಕೇಳಬೇಕಾದದ್ದು ಟಿಪ್ಪುವಿನ ಹುಲಿಯ ಕತೆ. ಮರದ ಹುಲಿ, ಕೆಳಗೆ ಬಿದ್ದಿರುವ ಸೋಲ್ಜರ್. ಹಿಡಿ ತಿರುಗಿಸಿದರೆ ಒಳಗಿನ ತಿದಿಗಳಿಂದ ಗಾಳಿ ನುಗ್ಗಿ ಹುಲಿ ಗುರುಗುಟ್ಟುತ್ತದೆ, ಸೋಲ್ಜರ್ ನರಳುತ್ತಾ ಕೈ ಎತ್ತುತ್ತಾನೆ. ಹುಲಿಯ ಪಕ್ಕೆಯಲ್ಲಿ ಒಂದು ಚಿಕ್ಕ ಆರ್ಗನ್ ವಾದ್ಯವೂ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷರ ಕೈಸೇರಿ, ಆಮೇಲೆ ಇಲ್ಲಿಗೆ ಬಂದದ್ದು. ಗ್ಯಾಲರಿಗಳು ಆಗಾಗ ರಿಪೇರಿಗೆ ಮುಚ್ಚುತ್ತವೆ, ಹಾಗಾಗಿ ಹೊರಡುವ ಮುಂಚೆ ಹುಲಿ ನೋಡಲು ಸಿಗುತ್ತದಾ ಅಂತ ವೆಬ್‌ಸೈಟಿನಲ್ಲಿ ಖಚಿತ ಮಾಡಿಕೊಳ್ಳಿ. ವಾಲ್ಥಮ್‌ಸ್ಟೋದ ಕಡೆ ಇರುವವರಿಗೆ ವಿಲಿಯಂ ಮಾರಿಸ್ ಗ್ಯಾಲರಿ ಹತ್ತಿರ. ಬಟ್ಟೆ ಅಚ್ಚು, ನೇಯ್ಗೆ ಇಷ್ಟಪಡುವವರು ಹೋಗಿ ನೋಡಿ.

ಪ್ರಕೃತಿಯ ವಿಷಯಕ್ಕೆ ಲಂಡನ್ ನ್ಯಾಚುರಲ್ ಹಿಸ್ಟರಿ ಸೊಸೈಟಿ ಇದೆ, 1858ರಿಂದ. ಸೇಂಟ್ ಪಾಲ್ಸ್ ಕೆಥೀಡ್ರಲ್‌ನಿಂದ ಸುತ್ತ 20 ಮೈಲಿ ಅವರ ಕ್ಷೇತ್ರ. ಹಕ್ಕಿ, ಗಿಡ, ಕೀಟ ನೋಡುವ ನಡಿಗೆಗಳನ್ನು ಮಾಡಿಸುತ್ತಾರೆ. ಇಲ್ಲಿನ ಪಾರ್ಕ್‌ಗಳಲ್ಲಿ ಕಿರುಚುತ್ತಾ ಹಾರುವ ಹಸಿರು ಗಿಳಿ ಬೇರೆ ಯಾವುದೂ ಅಲ್ಲ, ನಮ್ಮೂರಿನ ಜೋಳದ ಹೊಲಕ್ಕೆ ನುಗ್ಗುವ ಅದೇ ಜಾತಿ! ಮಕ್ಕಳಿದ್ದರೆ ಬೇಸಿಗೆಯ ಬಾವಲಿ ನಡಿಗೆಯನ್ನು ತಪ್ಪಿಸಬೇಡಿ. ಪಾರ್ಕ್‌ಗಳ 'ಫ್ರೆಂಡ್ಸ್' ಗುಂಪುಗಳು (ಪಾರ್ಕ್ ನೋಡಿಕೊಳ್ಳುವ ಸ್ವಯಂಸೇವಕರು) ಮುಸ್ಸಂಜೆಗೆ ಕರೆದುಕೊಂಡು ಹೋಗುತ್ತವೆ. ಕೈಗೊಂದು ಡಿಟೆಕ್ಟರ್ ಕೊಡುತ್ತಾರೆ. ಅದರ ಗುಂಡಿಯನ್ನು 45 ಕಿಲೋಹರ್ಟ್ಸ್ ಹತ್ತಿರ ತಿರುಗಿಸಿದರೆ, ನಮ್ಮ ಕಿವಿಗೆ ಕೇಳದ ಕೂಗು ಟಪ್ ಟಪ್ ಅಂತ ಕೇಳಿಸುತ್ತದೆ. ಕೂಗುವ ಪಿಪಿಸ್ಟ್ರೆಲ್ ಬಾವಲಿಯ ತೂಕ ಸುಮಾರು 5 ಗ್ರಾಂ. ಬೇಸಿಗೆಯಲ್ಲಿ ಕತ್ತಲಾಗುವುದು ತಡವಾಗಿ, ಹಾಗಾಗಿ ಶಾಲೆ ಇರುವ ದಿನ ಬಿಟ್ಟು ಶುಕ್ರವಾರವೋ ಶನಿವಾರವೋ ಆರಿಸಿಕೊಳ್ಳಿ.

ಉಚಿತವಾದರೂ ಬಹಳಷ್ಟಕ್ಕೆ ಟಿಕೆಟ್ ಬುಕ್ ಮಾಡಲೇಬೇಕು. ಹೋಗಲಾಗದಿದ್ದರೆ ರದ್ದು ಮಾಡಿ, ಸುಮ್ನೆ ಸೀಟು ಖಾಲಿ ಬಿಡಬೇಡಿ. ಆರು ಗಂಟೆ ಅಂದರೆ ಆರೇ ಗಂಟೆ. ನಮ್ಮ ಸಮಾರಂಭಗಳ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬಾಗಿಲಲ್ಲಿ ದೇಣಿಗೆ ಡಬ್ಬಿ ಇಟ್ಟಿರುತ್ತಾರೆ, ಹಾಕದಿದ್ದರೆ ಯಾರೂ ಏನೂ ಅನ್ನುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಹೆರಿಟೇಜ್ ಓಪನ್ ಡೇಸ್, ಓಪನ್ ಹೌಸ್ ಎರಡೂ ಬರುತ್ತವೆ. ಆ ದಿನಗಳಲ್ಲಿ ಸಾಮಾನ್ಯವಾಗಿ ಬಾಗಿಲು ಮುಚ್ಚಿರುವ ಕಟ್ಟಡಗಳ ಒಳಗೂ ಬಿಡುತ್ತಾರೆ, ಆದರೆ ಹೆಸರಾದ ಜಾಗಗಳು ಬೇಗ ಭರ್ತಿಯಾಗುತ್ತವೆ. ಆಗಸ್ಟ್‌ನಿಂದಲೇ ಒಂದು ಕಣ್ಣಿಟ್ಟಿರಿ.

ಅಪ್ಪ ಅಮ್ಮನನ್ನು ಒಬ್ಬರೇ ಕಳಿಸಲು ಹಿಂಜರಿಕೆ ಇದ್ದರೆ ನಮ್ಮ ಕನ್ನಡಿಗರ ಸಂಘದ ವಾಟ್ಸ್ಆಪ್ ಗುಂಪಿನಲ್ಲಿ ಯಾವ ದಿನ, ಯಾವ ಸ್ಟೇಷನ್ ಎಂದು ಹಾಕಿ. ಆ ಕಡೆ ಹೋಗುವವರು ಇದ್ದರೆ ಜೊತೆಗೆ ಕರೆದುಕೊಂಡು ಹೋಗುತ್ತಾರೆ.